ಒಂದೇ ಚೌಕಟ್ಟಿನಲ್ಲಿ ಬೇಸಿಗೆ ಮತ್ತು ಮಳೆಗಾಲ: ಶೆಟ್ಟಿಹಳ್ಳಿಯ ಚಿತ್ರಗಳನ್ನು ಬೆಸೆಯುವ ಕ್ರಮ

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯಲ್ಲಿ, ಹೇಮಾವತಿ ಹಿನ್ನೀರಿನ ಅಂಚಿಗೆ, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚಿನ ಅವಶೇಷವಿದೆ. ಗೊರೂರಿನ ಅಣೆಕಟ್ಟಿನಿಂದಾಗಿ ಅದು ಮುಳುಗಡೆ ಪ್ರದೇಶಕ್ಕೆ ಸೇರಿತು. ಬೇಸಿಗೆಯಲ್ಲಿ ಒಣಗಿದ ನೆಲದ ಮೇಲೆ ಅದರ ಬುಡದವರೆಗೆ ನಡೆದು ಹೋಗಬಹುದು; ಮುಂಗಾರು ಬಿರುಸಾಗಿ ಜಲಾಶಯ ತುಂಬಿದಾಗ ಅದೇ ಗೋಡೆಗಳ ಬಹುಭಾಗ ನೀರಿನೊಳಗಿರುತ್ತದೆ. ಈ ಎರಡು ನೋಟಗಳನ್ನು ಒಂದೇ ಚಿತ್ರದಲ್ಲಿ, ಎಡಗಡೆ ಬಿಸಿಲಿಗೆ ಬಿರಿದ ನೆಲ ಮತ್ತು ಬಲಗಡೆ ತುಂಬಿದ ನೀರು ಎಂಬಂತೆ, ಜೋಡಣೆ ಕಾಣದ ಹಾಗೆ ಬೆಸೆಯುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗೆ ಶೆಟ್ಟಿಹಳ್ಳಿಯನ್ನು ಆರಿಸಿಕೊಂಡಿದ್ದರೂ, ಮಲೆನಾಡಿನ ಗದ್ದೆಬಯಲು, ಬಂಡೀಪುರದ ಎಲೆಯುದುರುವ ಕಾಡು, ಊರ ಕೆರೆಯ ಅಂಗಳ ಮುಂತಾದ ಯಾವುದೇ ನೋಟಕ್ಕೂ ಈ ಕ್ರಮ ಹೊಂದುತ್ತದೆ.

ಇಂತಹ ಕೆಲಸವೆಂದರೆ ಫೋಟೋಶಾಪ್‌ನ ಕೈಚಳಕ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮುಕ್ಕಾಲು ಪಾಲು ಕೆಲಸ ಚಿತ್ರ ತೆಗೆಯುವಾಗಲೇ ಮುಗಿದಿರಬೇಕು. ನಿಂತ ಜಾಗ ಒಂದೇ ಆಗಿದ್ದು, ಎರಡೂ ದಿನ ಬೆಳಕು ಒಂದೇ ದಿಕ್ಕಿನಿಂದ ಬಿದ್ದಿದ್ದರೆ ಬೆಸೆಯುವುದು ಒಂದು ಸಂಜೆಯ ಕೆಲಸ. ಇವೆರಡರಲ್ಲಿ ಒಂದು ತಪ್ಪಿದರೂ ಎಷ್ಟು ತಿದ್ದಿದರೂ ನೋಡುವವರ ಕಣ್ಣಿಗೆ ಏನೋ ಸರಿಯಿಲ್ಲವೆಂದು ತೋರುತ್ತಲೇ ಇರುತ್ತದೆ.

ನಿಲ್ಲುವ ಜಾಗ

ಜಾಗವನ್ನು ಮಳೆಗಾಲದಲ್ಲಿ ಗುರುತಿಸಬೇಕು. ಬೇಸಿಗೆಯಲ್ಲಿ ಹೋದವರು ಸಹಜವಾಗಿ ಚರ್ಚಿನ ಹತ್ತಿರಕ್ಕೆ, ಅಂದರೆ ಆಗಸ್ಟಿನಲ್ಲಿ ಮುಳುಗುವ ನೆಲಕ್ಕೆ, ಇಳಿದು ನಿಂತುಬಿಡುತ್ತಾರೆ. ಅಲ್ಲಿಂದ ತೆಗೆದ ಚಿತ್ರಕ್ಕೆ ಮಳೆಗಾಲದ ಜೋಡಿ ಸಿಗುವುದೇ ಇಲ್ಲ. ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ನೀರು ಆ ಮಟ್ಟಕ್ಕೆ ಬಂದಾಗಲೂ ಕಾಲು ಒದ್ದೆಯಾಗದಷ್ಟು ಎತ್ತರದ ದಡವನ್ನೇ ಆರಿಸಿಕೊಳ್ಳಿ. ಜಲಾಶಯದ ದಿನದಿನದ ಮಟ್ಟ ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಗುವುದರಿಂದ, ಹೊರಡುವ ಮೊದಲು ನೋಡಿಕೊಳ್ಳುವುದು ಸುಲಭ.

ಜಾಗ ಸ್ವಲ್ಪ ಆಚೀಚೆಯಾದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಫುಲ್ ಫ್ರೇಮ್ ಕ್ಯಾಮೆರಾಕ್ಕೆ (ಸೆನ್ಸರಿನ ಅಗಲ 36 ಮಿಲಿಮೀಟರ್ ಇರುವಂಥದ್ದು) 35 ಮಿಲಿಮೀಟರ್ ಲೆನ್ಸ್ ಹಾಕಿದ್ದೀರಿ, ಚಿತ್ರದ ಅಗಲ 6000 ಪಿಕ್ಸೆಲ್ ಎಂದುಕೊಳ್ಳಿ. ಎರಡನೆಯ ಸಲ ಟ್ರೈಪಾಡನ್ನು ಹಳೆಯ ಜಾಗಕ್ಕಿಂತ 10 ಸೆಂಟಿಮೀಟರ್ ಪಕ್ಕಕ್ಕೆ ಇಟ್ಟರೆ, 500 ಮೀಟರ್ ದೂರದ ಮರ ಚಿತ್ರದಲ್ಲಿ ಸರಿಯುವುದು ಸುಮಾರು ಒಂದು ಪಿಕ್ಸೆಲ್. ಆದರೆ 5 ಮೀಟರ್ ದೂರದ ಕಲ್ಲು ಸುಮಾರು 115 ಪಿಕ್ಸೆಲ್ ಸರಿಯುತ್ತದೆ. ದೂರದ ಮರವನ್ನು ಹೊಂದಿಸಿದರೆ ಹತ್ತಿರದ ಕಲ್ಲು ತಪ್ಪುತ್ತದೆ, ಕಲ್ಲನ್ನು ಹೊಂದಿಸಿದರೆ ಮರ ತಪ್ಪುತ್ತದೆ. ಚಿತ್ರವನ್ನು ಎಷ್ಟು ತಿರುಗಿಸಿದರೂ ಹಿಗ್ಗಿಸಿದರೂ ಇದು ಸರಿಹೋಗುವಂಥದ್ದಲ್ಲ. ಆದ್ದರಿಂದ ಎರಡು ಎಚ್ಚರಿಕೆಗಳು ಬೇಕು. ಚೌಕಟ್ಟಿನೊಳಗೆ ತೀರ ಹತ್ತಿರದ ಪೊದೆ, ಬಂಡೆ, ಬೇಲಿಗಳು ಬಾರದಂತೆ ನೋಡಿಕೊಳ್ಳಬೇಕು, ಮತ್ತು ಟ್ರೈಪಾಡಿನ ಜಾಗವನ್ನು ಅಂಗೈ ಅಗಲದೊಳಗೆ ಮತ್ತೆ ಹುಡುಕಲು ಬರಬೇಕು.

ಮೊಬೈಲಿನ ಜಿಪಿಎಸ್ ಇದಕ್ಕೆ ಸಾಲದು, ಏಕೆಂದರೆ ಅದು ಬಯಲಿನಲ್ಲೂ ಕೆಲವು ಮೀಟರುಗಳಷ್ಟು ತಪ್ಪು ತೋರಿಸಬಹುದು. ದಡದವರೆಗೆ ಕರೆದೊಯ್ಯಲು ಅದು ಸಾಕು, ಮುಂದಿನ ಕೆಲಸ ಕಣ್ಣಿನದು. ಮೊದಲ ಚಿತ್ರದ ಮುದ್ರಿತ ಪ್ರತಿಯನ್ನು ಕೈಯಲ್ಲಿ ಹಿಡಿದು, ಹತ್ತಿರದ ಒಂದು ಅಂಚು ದೂರದ ಒಂದು ಗುರುತನ್ನು ಎಲ್ಲಿ ಮರೆಮಾಡುತ್ತದೆ ಎಂದು ನೋಡಿ. ಉದಾಹರಣೆಗೆ, ಚರ್ಚಿನ ಒಂದು ಕಮಾನಿನ ಎಡ ಅಂಚು ಆಚೆ ದಡದ ಒಂಟಿ ಮರದ ಕಾಂಡವನ್ನು ಸವರುವಂತೆ ಕಂಡಿದ್ದರೆ, ಅದು ಮತ್ತೆ ಹಾಗೆಯೇ ಕಾಣುವವರೆಗೆ ಎಡಕ್ಕೋ ಬಲಕ್ಕೋ ಸರಿಯಿರಿ. ಚಿತ್ರದ ಇನ್ನೊಂದು ಬದಿಯಲ್ಲಿ ಇಂತಹದೇ ಎರಡನೆಯ ಜೋಡಿಯನ್ನು ಹಿಡಿದು ಹಿಂದೆ ಮುಂದೆ ಸರಿಯಿರಿ. ಎರಡೂ ಜೋಡಿಗಳು ಕೂಡಿದ ಜಾಗ ಒಂದೇ ಇರುತ್ತದೆ. ಛಾಯಾಗ್ರಾಹಕ ಮಾರ್ಕ್ ಕ್ಲೆಟ್ ಮತ್ತು ಸಂಗಡಿಗರು 1977ರಿಂದ 1979ರವರೆಗೆ ಅಮೆರಿಕದ ಪಶ್ಚಿಮ ಪ್ರಾಂತ್ಯದಲ್ಲಿ 19ನೆಯ ಶತಮಾನದ ಸರ್ವೇ ಚಿತ್ರಗಳನ್ನು ಅವೇ ಜಾಗಗಳಿಂದ ಮತ್ತೆ ತೆಗೆದಾಗಲೂ, ಹತ್ತಿರದ ಮತ್ತು ದೂರದ ಗುರುತುಗಳ ಹೊಂದಿಕೆಯೇ ಅವರಿಗೆ ಆಧಾರವಾಗಿತ್ತು. ಹಳೆಯ ಚಿತ್ರವನ್ನು ಕ್ಯಾಮೆರಾದ ಪರದೆಯ ಮೇಲೆ ತೆಳುವಾಗಿ ತೋರಿಸುವ ಸೌಲಭ್ಯವಿದ್ದರೆ ಕೆಲಸ ಇನ್ನಷ್ಟು ಬೇಗ ಆಗುತ್ತದೆ. ನೆಲದಿಂದ ಲೆನ್ಸಿನ ಎತ್ತರವನ್ನು ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳುವುದನ್ನು ಮಾತ್ರ ಯಾವ ಸೌಲಭ್ಯವಿದ್ದರೂ ಬಿಡಬಾರದು.

ಚರ್ಚಿನ ಗೋಡೆಗಳು ವರ್ಷವರ್ಷಕ್ಕೂ ಶಿಥಿಲವಾಗುತ್ತಿವೆ. ಹೀಗಾಗಿ ಐದಾರು ವರ್ಷಗಳ ಹಿಂದಿನ ಬೇಸಿಗೆಯ ಚಿತ್ರಕ್ಕೆ ಈ ವರ್ಷದ ಮಳೆಗಾಲವನ್ನು ಜೋಡಿಸುವ ಆಸೆ ಬೇಡ. ಒಂದೇ ವರ್ಷದ ಎರಡು ಋತುಗಳನ್ನೇ ಹಿಡಿಯಿರಿ.

ಸೂರ್ಯನನ್ನು ಹೊಂದಿಸುವ ಬಗೆ

ಋತುಗಳನ್ನು ಬೆಸೆಯುವಾಗ ನೆಲ ಮತ್ತು ನೀರಿನ ಬದಲಾವಣೆಗಿಂತ ಹೆಚ್ಚು ತೊಂದರೆ ಕೊಡುವುದು ನೆರಳು. ಹಾಸನ, ಬೆಂಗಳೂರುಗಳಿರುವ 13 ಡಿಗ್ರಿ ಅಕ್ಷಾಂಶದಲ್ಲಿ, ಡಿಸೆಂಬರ್ ಕೊನೆಯ ಭಾಗದಲ್ಲಿ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೂ, ಜೂನ್ ಕೊನೆಯ ಭಾಗದಲ್ಲಿ ಅಷ್ಟೇ ಉತ್ತರಕ್ಕೂ ಸರಿದು ಹುಟ್ಟುತ್ತಾನೆ. ಅಂದರೆ ಒಂದೇ ಗೋಡೆಯ ಮೇಲೆ ಬೆಳಗಿನ ಬೆಳಕು ಬೀಳುವ ದಿಕ್ಕು ವರ್ಷದಲ್ಲಿ 48 ಡಿಗ್ರಿಯಷ್ಟು ಬದಲಾಗುತ್ತದೆ. ಡಿಸೆಂಬರಿನಲ್ಲಿ ಹೊಳೆಯುವ ಗೋಡೆ ಜೂನಿನಲ್ಲಿ ನೆರಳಿನಲ್ಲಿರಬಹುದು. ಇಂತಹ ಎರಡು ಚಿತ್ರಗಳನ್ನು ಬೆಸೆದರೆ ಒಂದೇ ಕಟ್ಟಡಕ್ಕೆ ಇಬ್ಬರು ಸೂರ್ಯರು.

ಇದಕ್ಕೆ ಪರಿಹಾರ ಸೂರ್ಯನ ಚಲನೆಯಲ್ಲಿಯೇ ಇದೆ. ಜೂನ್ 21 ಮತ್ತು ಡಿಸೆಂಬರ್ 21ರ ಆಸುಪಾಸಿನ ಎರಡು ದಿನಗಳನ್ನು ಬಿಟ್ಟರೆ, ವರ್ಷದ ಪ್ರತಿಯೊಂದು ದಿನಕ್ಕೂ ಸೂರ್ಯ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಸಾಗುವ ಮತ್ತೊಂದು ದಿನ ಇರುತ್ತದೆ. ಬೆಂಗಳೂರಿನವರಿಗೆ ಶೂನ್ಯ ನೆರಳಿನ ದಿನ ಗೊತ್ತಿರುತ್ತದೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಹೊತ್ತಿಗೆ ಅಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಶೆಟ್ಟಿಹಳ್ಳಿಯೂ ಸುಮಾರಾಗಿ ಅದೇ ಅಕ್ಷಾಂಶದಲ್ಲಿರುವುದರಿಂದ ಅಲ್ಲಿಗೂ ಇವೇ ದಿನಗಳು ಸಲ್ಲುತ್ತವೆ. ಚಿತ್ರಕಾರನ ಅದೃಷ್ಟವೆಂದರೆ, ಏಪ್ರಿಲ್ ಕೊನೆ ಎಂದರೆ ಜಲಾಶಯ ಬತ್ತುವ ಕಾಲ, ಆಗಸ್ಟ್ ನಡುಭಾಗ ಎಂದರೆ ಆಶ್ಲೇಷ ಮಳೆ ಮುಗಿದು ಮಖೆ ಹಿಡಿಯುವ ಹೊತ್ತು, ಸಾಮಾನ್ಯವಾಗಿ ಜಲಾಶಯ ತುಂಬಿರುವ ಕಾಲ. ನೆಲದ ಮೇಲೆ ಒಂದಕ್ಕೊಂದು ಹೋಲಿಕೆಯೇ ಇಲ್ಲದ ಈ ಎರಡು ದಿನಗಳಂದು ಆಕಾಶದಲ್ಲಿ ಸೂರ್ಯ ಮಾತ್ರ ಒಂದೇ ದಾರಿ ಹಿಡಿದಿರುತ್ತಾನೆ. ಐದು ದಿನ ಆಚೀಚೆಯಾದರೂ ವ್ಯತ್ಯಾಸ 2 ಡಿಗ್ರಿಗಿಂತ ಕಡಿಮೆ. ಕಣ್ಣಿಗೆ ಅದು ತಿಳಿಯುವುದಿಲ್ಲ.

ದಿನ ಹೊಂದಿದರೂ ಗಡಿಯಾರ ಪೂರ್ತಿ ಹೊಂದುವುದಿಲ್ಲ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದ್ದರಿಂದಲೂ ಅದರ ಅಕ್ಷ ವಾಲಿರುವುದರಿಂದಲೂ ಸೂರ್ಯ ನಮ್ಮ ಗಡಿಯಾರಕ್ಕಿಂತ ಕೆಲವು ತಿಂಗಳು ಮುಂದೆ, ಕೆಲವು ತಿಂಗಳು ಹಿಂದೆ ಇರುತ್ತಾನೆ. ಏಪ್ರಿಲ್ 24ರಂದು ಬೆಳಗ್ಗೆ 7 ಗಂಟೆಗೆ ತೆಗೆದ ಚಿತ್ರದ ಬೆಳಕು ಆಗಸ್ಟ್ 18ರಂದು ಸಿಗುವುದು 7 ಗಂಟೆ 6 ನಿಮಿಷದ ಹೊತ್ತಿಗೆ. ಆರು ನಿಮಿಷ ದೊಡ್ಡದಲ್ಲ ಎನಿಸಬಹುದು. ಫೆಬ್ರವರಿ 20 ಮತ್ತು ಅಕ್ಟೋಬರ್ 22ರ ಜೋಡಿಯನ್ನು ಹಿಡಿದವರಿಗೆ ಈ ಅಂತರ ಸುಮಾರು ಅರ್ಧ ಗಂಟೆಯಾಗುತ್ತದೆ: ಅಕ್ಟೋಬರಿನಲ್ಲಿ ಅಷ್ಟು ಮುಂಚಿತವಾಗಿ ಸಿದ್ಧರಿರಬೇಕು. ಲೆಕ್ಕ ಬೇಡವೆನ್ನುವವರು ಆ ಎರಡು ದಿನಗಳ ಸೂರ್ಯೋದಯದ ವೇಳೆಯನ್ನು ಪಂಚಾಂಗದಲ್ಲಿ ನೋಡಿ, ಸೂರ್ಯೋದಯವಾಗಿ ಎಷ್ಟು ನಿಮಿಷಕ್ಕೆ ಮೊದಲ ಚಿತ್ರ ತೆಗೆದಿದ್ದರೋ ಅಷ್ಟೇ ನಿಮಿಷಕ್ಕೆ ಎರಡನೆಯದನ್ನು ತೆಗೆದರಾಯಿತು. ದಿನಗಳ ಈ ಜೋಡಿಗಳು ಭೂಮಿಯ ಯಾವ ಭಾಗಕ್ಕಾದರೂ ಅನ್ವಯಿಸುತ್ತವೆ. ಅಮೆರಿಕ, ಯುರೋಪುಗಳಲ್ಲಿ ನೆಲೆಸಿರುವ ಕನ್ನಡಿಗರು ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುವುದನ್ನು ಮಾತ್ರ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಆಗಸ್ಟಿನಲ್ಲಿ ಬಿಸಿಲು ಬರುತ್ತದೆಂಬ ಭರವಸೆ ಯಾರಿಗಿದೆ ಎಂದು ಕೇಳಬಹುದು. ಮಾತು ಸರಿಯಾದದ್ದೇ. ಮೋಡ ಮುಸುಕಿದ ಬೆಳಕಿಗೆ ದಿಕ್ಕಿಲ್ಲ, ನೆರಳಿಲ್ಲ. ಅದರ ಪಕ್ಕದಲ್ಲಿ ಏಪ್ರಿಲ್‌ನ ಸುಡುಬಿಸಿಲನ್ನು ಇಟ್ಟರೆ ಎಂದಿಗೂ ಕೂಡುವುದಿಲ್ಲ. ಅದಕ್ಕಾಗಿ ಏಪ್ರಿಲ್‌ನಲ್ಲಿಯೇ ಒಂದು ಚಿತ್ರವನ್ನು ಸೂರ್ಯ ಹುಟ್ಟುವ ಮುನ್ನ, ಆಕಾಶದ ಬೆಳಕು ಮಾತ್ರ ಇರುವಾಗ, ಇನ್ನೊಂದನ್ನು ಬಿಸಿಲು ಬಿದ್ದ ಮೇಲೆ ತೆಗೆದಿಟ್ಟುಕೊಳ್ಳಿ. ಆಗಸ್ಟ್ ಮೋಡದ ದಿನ ಕೊಟ್ಟರೆ ಮೊದಲನೆಯದು, ಬಿಸಿಲು ಕೊಟ್ಟರೆ ಎರಡನೆಯದು ಕೆಲಸಕ್ಕೆ ಬರುತ್ತದೆ. ನನಗೆ ಮೊದಲನೆಯ ಜೋಡಿಯೇ ಹೆಚ್ಚು ಇಷ್ಟ. ನೆರಳಿಲ್ಲದ ಬೆಳಕಿನಲ್ಲಿ ಕಲ್ಲು, ನೀರು, ಮಣ್ಣುಗಳ ಮೈ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಕ್ಯಾಮೆರಾದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಕ್ಯಾಮೆರಾ, ಲೆನ್ಸ್ ಎರಡೂ ಸಲ ಅವೇ ಇರಲಿ; ಝೂಮ್ ಲೆನ್ಸಿಗಿಂತ ಒಂದೇ ಫೋಕಲ್ ಲೆಂತ್‌ನ ಲೆನ್ಸ್ ಒಳ್ಳೆಯದು. ಎಫ್/8 (ಲೆನ್ಸಿನ ಕಿಂಡಿಯ ಅಳತೆ), ಕನಿಷ್ಠ ಐಎಸ್ಒ (ಬೆಳಕಿಗೆ ಸ್ಪಂದಿಸುವ ಪ್ರಮಾಣ), ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಡತ), ಒಂದೇ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣದ ಹೊಂದಾಣಿಕೆ), ಕೈಯಿಂದಲೇ ಹೊಂದಿಸಿದ ಫೋಕಸ್. ಪ್ರತಿ ಸಲವೂ ಬಣ್ಣ ಸರಿಹೊಂದಿಸಲು ಬಳಸುವ ಬೂದು ಕಾರ್ಡಿನ ಒಂದು ಚಿತ್ರ ತೆಗೆದುಕೊಳ್ಳಿ. ಚೌಕಟ್ಟನ್ನು ಬೇಕಾದದ್ದಕ್ಕಿಂತ ಸ್ವಲ್ಪ ಅಗಲವಾಗಿಯೇ ಇಟ್ಟಿರಿ, ಏಕೆಂದರೆ ಹೊಂದಿಸಿದ ಮೇಲೆ ಅಂಚುಗಳನ್ನು ಕತ್ತರಿಸಬೇಕಾಗುತ್ತದೆ.

ಒಂದರ ಮೇಲೊಂದು ಕೂರಿಸುವುದು

ಎರಡೂ ರಾ ಫೈಲುಗಳಿಗೆ ಲೆನ್ಸಿನ ವಕ್ರತೆಯ ತಿದ್ದುಪಡಿಯನ್ನು ಮೊದಲೇ ಹಾಕಿ, ಆಮೇಲೆ ಒಂದೇ ಕಡತದಲ್ಲಿ ಎರಡು ಲೇಯರುಗಳಾಗಿ, ಅಂದರೆ ಒಂದರ ಮೇಲೊಂದು ಪದರಗಳಾಗಿ, ತೆರೆಯಿರಿ. ಫೋಟೋಶಾಪ್ ತಾನಾಗಿ ಹೊಂದಿಸಿಕೊಡುವ ಸೌಲಭ್ಯ ಕೊಡುತ್ತದೆ. ಆದರೆ ಅದು ಎರಡೂ ಚಿತ್ರಗಳಲ್ಲಿ ಸಮಾನವಾಗಿರುವ ಗುರುತುಗಳನ್ನು ಹುಡುಕುತ್ತದೆ, ಮತ್ತು ನಮ್ಮ ಚಿತ್ರಗಳಲ್ಲಿ ನೀರು, ಹುಲ್ಲು, ಮೋಡ ಯಾವುವೂ ಸಮಾನವಾಗಿಲ್ಲ. ಅದು ಎಡವಿದರೆ, ಉಚಿತವಾಗಿ ಸಿಗುವ ಹಗಿನ್ ಎಂಬ ತಂತ್ರಾಂಶದಲ್ಲಿ ಗುರುತುಗಳನ್ನು ಕೈಯಿಂದಲೇ ಇಡಬಹುದು. ಕಮಾನಿನ ತುದಿ, ಕಿಟಕಿಯ ಮೂಲೆ, ಇಟ್ಟಿಗೆಯ ಒಡಕು ಇಂತಹ ಕದಲದ ಗುರುತುಗಳು ಹತ್ತು ಹನ್ನೆರಡು ಸಾಕು. ಅವು ಕಟ್ಟಡದ ಒಂದೇ ಮೂಲೆಯಲ್ಲಿ ಗುಂಪಾಗದೆ ಚದುರಿರಬೇಕು, ಆಚೆ ದಡದಲ್ಲೂ ಒಂದೆರಡು ಇರಬೇಕು.

ಹೊಂದಿತೋ ಇಲ್ಲವೋ ಎಂದು ನೋಡಲು ಮೇಲಿನ ಲೇಯರಿನ ಬ್ಲೆಂಡ್ ಮೋಡನ್ನು (ಲೇಯರುಗಳು ಬೆರೆಯುವ ಬಗೆಯನ್ನು) ಡಿಫರೆನ್ಸ್‌ಗೆ ಬದಲಾಯಿಸಿ, ಚಿತ್ರವನ್ನು ನೂರಕ್ಕೆ ನೂರು ಗಾತ್ರಕ್ಕೆ ಹಿಗ್ಗಿಸಿ. ಎರಡೂ ಒಂದೇ ಆಗಿರುವ ಕಡೆ ಪರದೆ ಕಪ್ಪಾಗುತ್ತದೆ. ಗೋಡೆಯ ಅಂಚಿನಲ್ಲಿ ತೆಳುವಾದ ಬಿಳಿ ಗೆರೆ ಉಳಿದಿದ್ದರೆ ಅಷ್ಟು ಪಿಕ್ಸೆಲ್ ತಪ್ಪಿದೆ ಎಂದರ್ಥ. ಲೇಯರನ್ನು ಬಾಣದ ಗುಂಡಿಗಳಿಂದ ಒಂದೊಂದೇ ಪಿಕ್ಸೆಲ್ ಸರಿಸುತ್ತ ಹೋದರೆ ಆ ಗೆರೆ ಸಣ್ಣದಾಗಿ ಮಾಯವಾಗುವುದು ಕಾಣುತ್ತದೆ. ಚರ್ಚು ಪೂರ್ತಿ ಹೊಂದಿ ಆಚೆ ದಡ ಎರಡು ಪಿಕ್ಸೆಲ್ ತಪ್ಪಿದರೆ ಚಿಂತಿಸಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ ಚರ್ಚು ತಪ್ಪಿದ್ದರೆ ಮುಂದಿನ ಹೆಜ್ಜೆಗೆ ಹೋಗಬೇಡಿ.

ಬಣ್ಣವನ್ನು ಎಲ್ಲಿ ಹೊಂದಿಸಬೇಕು, ಎಲ್ಲಿ ಬಿಡಬೇಕು

ಎರಡು ಚಿತ್ರಗಳ ಬಣ್ಣವನ್ನು ತಾನಾಗಿ ಸರಿದೂಗಿಸುವ ಸೌಲಭ್ಯವನ್ನು ಇಲ್ಲಿ ಬಳಸಬಾರದು. ಅದು ಏಪ್ರಿಲ್‌ನ ಕಂದು ನೆಲಕ್ಕೆ ಆಗಸ್ಟಿನ ಹಸಿರನ್ನು ಬೆರೆಸಿ, ಯಾವ ಋತುವಿಗಾಗಿ ಇಷ್ಟು ಕಷ್ಟಪಟ್ಟಿರೋ ಅದನ್ನೇ ಅಳಿಸಿಬಿಡುತ್ತದೆ. ನೆಲ, ಗಿಡ, ನೀರುಗಳ ಬಣ್ಣ ಬೇರೆಯಾಗಿಯೇ ಇರಬೇಕು. ಬೆಳಕಿನ ಬಣ್ಣ ಮಾತ್ರ ಒಂದಾಗಬೇಕು. ಇದನ್ನು ಅಳೆಯಲು ಎರಡೂ ಚಿತ್ರಗಳಲ್ಲಿ ಋತುವಿನಿಂದ ಬದಲಾಗದ ಒಂದು ವಸ್ತು ಬೇಕು. ಶೆಟ್ಟಿಹಳ್ಳಿಯಲ್ಲಿ ಅದು ಸುಲಭವಾಗಿ ಸಿಗುತ್ತದೆ: ನೀರು ಎಂದೂ ಮುಟ್ಟದ ಗೋಡೆಯ ಮೇಲ್ಭಾಗ. ಬೂದು ಕಾರ್ಡಿನಿಂದ ವೈಟ್ ಬ್ಯಾಲೆನ್ಸ್ ಸರಿಮಾಡಿದ ಮೇಲೆ, ಆ ಮೇಲ್ಭಾಗದ ಒಂದೇ ಜಾಗವನ್ನು ಎರಡೂ ಲೇಯರುಗಳಲ್ಲಿ ಬಣ್ಣ ಅಳೆಯುವ ಐಡ್ರಾಪರ್‌ನಿಂದ ಮುಟ್ಟಿ, ಕೆಂಪು, ಹಸಿರು, ನೀಲಿ ಅಂಕಿಗಳು ಹತ್ತಿರ ಬರುವವರೆಗೆ ಬಣ್ಣ ತಿದ್ದುವ ಕರ್ವ್ಸ್ ಸೌಲಭ್ಯದಿಂದ ತಿದ್ದಿ. ಹಿಂದಿನ ರಾತ್ರಿ ಮಳೆ ಬಿದ್ದು ಗೋಡೆ ನೆನೆದಿದ್ದರೆ ಆಗಸ್ಟಿನ ಕಲ್ಲು ಸಹಜವಾಗಿಯೇ ಕಪ್ಪಾಗಿರುತ್ತದೆ. ಆಗ ಬಣ್ಣದ ಛಾಯೆಯನ್ನು ಮಾತ್ರ ಹೊಂದಿಸಿ, ಗಾಢತೆಯನ್ನು ಅದರ ಪಾಡಿಗೆ ಬಿಡಿ. ಬೇಸಿಗೆಯ ದೂಳಿನಿಂದಾಗಿ ಏಪ್ರಿಲ್‌ನ ಆಚೆ ದಡ ಮಸುಕಾಗಿರುತ್ತದೆ, ಮಳೆ ತೊಳೆದ ಆಗಸ್ಟಿನ ದಡ ನಿಚ್ಚಳವಾಗಿರುತ್ತದೆ. ಮಸುಕನ್ನು ಕಿತ್ತು ತೆಗೆಯುವುದಕ್ಕಿಂತ ನಿಚ್ಚಳವಾದದ್ದಕ್ಕೆ ತುಸು ಮಸುಕು ಸೇರಿಸುವುದು ಸಹಜವಾಗಿ ಕಾಣುತ್ತದೆ.

ಬೆಸುಗೆಯ ಗೆರೆ

ಮೇಲಿನ ಲೇಯರಿನ ಒಪಾಸಿಟಿಯನ್ನು (ಅಪಾರದರ್ಶಕತೆಯನ್ನು) ಅರ್ಧಕ್ಕೆ ಇಳಿಸಿ ಎರಡೂ ಋತುಗಳನ್ನು ಇಡೀ ಚಿತ್ರದ ಮೇಲೆ ಒಟ್ಟಿಗೆ ತೋರಿಸುವುದು ಹೊಸಬರ ಮೊದಲ ಪ್ರಯತ್ನ. ಅದರಿಂದ ಸಿಗುವುದು ನೀರೂ ಅಲ್ಲದ ನೆಲವೂ ಅಲ್ಲದ ಕಲಸುಮೇಲೋಗರ. ಚಿತ್ರದ ಪ್ರತಿ ಭಾಗವೂ ಯಾವುದಾದರೂ ಒಂದು ಋತುವಿಗೇ ಸೇರಿರಬೇಕು, ಮಿಶ್ರಣ ಗಡಿಯಲ್ಲಿ ಮಾತ್ರ ಇರಬೇಕು. ಅದಕ್ಕೆ ಲೇಯರ್ ಮಾಸ್ಕ್ ಬೇಕು: ಮಾಸ್ಕಿನ ಬಿಳಿಯ ಭಾಗದಲ್ಲಿ ಮೇಲಿನ ಚಿತ್ರ, ಕಪ್ಪಿನ ಭಾಗದಲ್ಲಿ ಕೆಳಗಿನ ಚಿತ್ರ ಕಾಣುತ್ತದೆ.

ಮೇಲಿನಿಂದ ಕೆಳಗಿನವರೆಗೆ ಒಂದೇ ನೇರ ಗೆರೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಆಕಾಶ, ಗೋಡೆ, ನೆಲ ಮೂರಕ್ಕೂ ಗಡಿಯ ಸ್ವಭಾವ ಬೇರೆ. ಆಕಾಶದಲ್ಲಿ ವಿವರಗಳು ಕಡಿಮೆ, ಬಣ್ಣದ ಏರಿಳಿತ ನಿಧಾನ. ಅಲ್ಲಿ ಚಿತ್ರದ ಮೂರನೆಯ ಒಂದು ಭಾಗದಷ್ಟು ಅಗಲದ ಗ್ರೇಡಿಯಂಟ್ (ಬಿಳಿಯಿಂದ ಕಪ್ಪಿಗೆ ನಿಧಾನವಾಗಿ ಸರಿಯುವ ಛಾಯೆ) ಬೇಕು. ಗೋಡೆಯಲ್ಲಿ ಅಷ್ಟು ಅಗಲ ಕೊಟ್ಟರೆ ನೀರಿನ ಮಟ್ಟ ಕಲ್ಲಿನ ಮೇಲೆ ಅರ್ಧಂಬರ್ಧ ಕರಗಿದಂತೆ ಕಾಣುತ್ತದೆ. ಆದ್ದರಿಂದ ಅಲ್ಲಿ ಗಡಿಯನ್ನು ಕೆಲವೇ ಪಿಕ್ಸೆಲ್‌ಗಳಿಗೆ ಇಳಿಸಿ, ಕಂಬದ ಅಂಚಿನಲ್ಲೋ ಗೋಡೆ ಬಿದ್ದು ಬಯಲಾದ ಕಡೆಯಲ್ಲೋ ಹಾಯಿಸಿ. ಸಮತಲವಾದ ಗೋಡೆಯ ನಡುವೆ ನೀರಿನ ಮಟ್ಟ ಥಟ್ಟನೆ ಏರಿದರೆ ಯಾರಿಗಾದರೂ ಕಾಣುತ್ತದೆ, ಕಂಬವೊಂದು ಅಡ್ಡ ನಿಂತಿದ್ದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಅಗಲವಾದ ಏರಿಳಿತಕ್ಕೆ ಅಗಲದ ಬೆಸುಗೆ, ಸಣ್ಣ ವಿವರಕ್ಕೆ ಕಿರಿದಾದ ಬೆಸುಗೆ ಎಂಬ ಈ ತತ್ವವನ್ನು ಸಂಶೋಧಕರಾದ ಬರ್ಟ್ ಮತ್ತು ಅಡೆಲ್ಸನ್ 1983ರಲ್ಲಿ ಗಣಿತದ ರೂಪದಲ್ಲಿ ಪ್ರಕಟಿಸಿದರು. ಹಗಿನ್ ಜೊತೆಗೆ ಬಳಸುವ ಎನ್‌ಬ್ಲೆಂಡ್ ತಂತ್ರಾಂಶ ಕೆಲಸ ಮಾಡುವುದು ಇದರ ಮೇಲೆಯೇ. ಆದರೆ ಗಡಿ ಯಾವ ಕಂಬದ ಪಕ್ಕದಲ್ಲಿ ಹಾಯಬೇಕೆಂದು ಆರಿಸುವುದನ್ನು ಯಂತ್ರಕ್ಕೆ ಬಿಡದಿರುವುದು ಲೇಸು.

ಎಲ್ಲಕ್ಕಿಂತ ಕಷ್ಟದ ಭಾಗ ಚರ್ಚಿನ ಮುಂದಿನ ನೆಲ. ಎಡಗಡೆ ಬಿರುಕು ಬಿಟ್ಟ ಮಣ್ಣು, ಬಲಗಡೆ ಅದಕ್ಕಿಂತ ಎಷ್ಟೋ ಅಡಿ ಮೇಲಿರುವ ನೀರು. ನಡುವೆ ಗಡಿ ನೇರವಾಗಿದ್ದರೆ ನೀರು ಗಾಜಿನ ಗೋಡೆಗೆ ಒರಗಿ ನಿಂತಂತೆ ತೋರುತ್ತದೆ. ಗ್ರೇಡಿಯಂಟನ್ನು ಎಷ್ಟು ಅಗಲ ಮಾಡಿದರೂ ಮಣ್ಣಿನ ಬಿರುಕುಗಳು ನೀರಿನ ಮೇಲೆ ತೇಲುತ್ತವೆ. ಇದಕ್ಕೆ ನಾನು ಶಿಫಾರಸು ಮಾಡುವುದು ಮೂರನೆಯದೊಂದು ಚಿತ್ರವನ್ನು. ಮಳೆಗಾಲ ಕಳೆದು ನೀರು ಇಳಿಯತೊಡಗಿ, ಚರ್ಚಿನ ಮುಂದೆ ಕೆಸರಿನ ಅಂಚು ತೆರೆದುಕೊಂಡಿರುವಾಗ, ಅದೇ ಜಾಗದಿಂದ ಇನ್ನೊಂದು ಚಿತ್ರ ತೆಗೆಯಿರಿ. ಆ ಹೊತ್ತಿನ ಸೂರ್ಯನ ದಾರಿ ಏಪ್ರಿಲ್ ಮತ್ತು ಆಗಸ್ಟಿಗೆ ಹೊಂದದಿರುವುದರಿಂದ ಅದನ್ನು ಸೂರ್ಯೋದಯಕ್ಕೆ ಮುನ್ನವೇ ತೆಗೆಯಬೇಕು. ಇಳಿಯುವ ನೀರು ನೆಲದ ಏರುತಗ್ಗುಗಳನ್ನು ಅನುಸರಿಸಿ ತಾನೇ ಒಂದು ಬಳುಕುವ ಗೆರೆ ಬರೆದಿರುತ್ತದೆ: ಒಣ ಮಣ್ಣು, ಆಮೇಲೆ ಒದ್ದೆಯ ಕಪ್ಪು ಪಟ್ಟಿ, ಆಮೇಲೆ ತೆಳುನೀರು. ಆ ಪಟ್ಟಿಯಷ್ಟನ್ನೇ ಮೂರನೆಯ ಲೇಯರಾಗಿ ತಂದು ನಡುವೆ ಕೂರಿಸಿ. ಅದರ ಒಣ ಅಂಚು ಏಪ್ರಿಲ್‌ನ ಮಣ್ಣಿಗೂ ತೆಳುನೀರಿನ ಅಂಚು ಆಗಸ್ಟಿನ ನೀರಿಗೂ ಬೆರೆಯುವಂತೆ, 20ರಿಂದ 30 ಪ್ರತಿಶತ ಫ್ಲೋ (ಬಣ್ಣ ಹರಿಯುವ ಪ್ರಮಾಣ) ಇರುವ ಮೆತ್ತನೆಯ ಬ್ರಷ್ಷಿನಿಂದ ಮಾಸ್ಕನ್ನು ನಿಧಾನವಾಗಿ ತೀಡಿ.

ಪ್ರತಿಬಿಂಬವನ್ನು ಪ್ರತ್ಯೇಕವಾಗಿ ಪರೀಕ್ಷಿಸಿ. ನೀರಿನಲ್ಲಿ ಕಾಣುವ ಪ್ರತಿಯೊಂದು ಕಮಾನಿನ ನೇರ ಮೇಲೆ ಅದೇ ಕಮಾನು ಇರಬೇಕು, ಆಕಾಶದ ಬಣ್ಣವೂ ಅದಕ್ಕೆ ತಕ್ಕಂತಿರಬೇಕು. ಗೋಡೆಯ ಗಡಿಯನ್ನು ಸ್ವಲ್ಪ ಬಲಕ್ಕೆ ಸರಿಸಿದಾಗ ನೀರಿನೊಳಗಿನ ಗಡಿಯನ್ನೂ ಅಷ್ಟೇ ಸರಿಸಬೇಕಾಗುತ್ತದೆ. ಕೊನೆಗೆ ಚಿತ್ರವನ್ನು ಅಡ್ಡಡ್ಡ ತಿರುಗಿಸಿ, ಎಡವನ್ನು ಬಲ ಮಾಡಿ, ಒಮ್ಮೆ ನೋಡಿ. ಗಂಟೆಗಟ್ಟಲೆ ನೋಡಿ ಒಗ್ಗಿಹೋದ ಕಣ್ಣಿಗೆ ತಪ್ಪಿಸಿಕೊಂಡ ಗಡಿ ಹಾಗೆ ತಿರುಗಿಸಿದಾಗ ಕಾಣಿಸಿಬಿಡುತ್ತದೆ.

ಲೇಯರುಗಳಿರುವ ಮೂಲ ಕಡತವನ್ನು 16 ಬಿಟ್‌ನಲ್ಲಿಯೇ ಉಳಿಸಿಕೊಂಡು, ಹಂಚಿಕೊಳ್ಳಲು ಬೇರೆಯೇ ಪ್ರತಿ ಮಾಡಿಕೊಳ್ಳಿ. ಚಿತ್ರದ ಅಡಿಬರಹದಲ್ಲಿ ಯಾವ ತಿಂಗಳ ಎಷ್ಟು ಚಿತ್ರಗಳನ್ನು ಸೇರಿಸಿದ್ದೀರಿ ಎಂಬುದನ್ನು ಬರೆಯಿರಿ. ಸ್ಪರ್ಧೆಗೆ ಕಳುಹಿಸುವುದಾದರೆ ವಿಭಾಗವನ್ನು ನೋಡಿಕೊಂಡು ಕಳುಹಿಸಬೇಕು: ಎಫ್ಐಎಪಿ (ಛಾಯಾಚಿತ್ರ ಕಲೆಯ ಅಂತರರಾಷ್ಟ್ರೀಯ ಒಕ್ಕೂಟ) ಮತ್ತು ಪಿಎಸ್ಎ (ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ) ನಿಯಮಗಳ ಪ್ರಕಾರ ನೇಚರ್ ವಿಭಾಗದಲ್ಲಿ ಹೀಗೆ ಬೆಸೆದ ಚಿತ್ರಗಳಿಗೆ ಅವಕಾಶವಿಲ್ಲ.